ಎರೆಮಣ್ಣಿಗೆ ಬೂದಿ

ಅಗೆದು ನೋಡಿದಾಗ ಬೇಯಿಸಿದ ಉಳ್ಳಾಗಡ್ಡಿಯಂತಿದ್ದವು,
ದಾವಲಬೀ, ನೀನು ಕೊಟ್ಟ ನಲವತ್ತು ಗೆಡ್ಡೆ.
ಬೆರಳಿಟ್ಟರೆ ಸಿಪ್ಪೆ ಕೈಯಲ್ಲುಳಿದು
ಒಳಗಿನದು ಜಾರುತ್ತಿತ್ತು.
ಮೂಸಿ ನೋಡಿದೆ. ಮೂಸಬಾರದಿತ್ತು.

ತಪ್ಪು ಮಣ್ಣಿನದಲ್ಲ, ಗೊತ್ತು.
ನಮ್ಮ ಹಿತ್ತಲ ಎರೆ, ಕುಡಿದ ನೀರನ್ನು
ಯಾರೋ ಆಡಿದ ಹಳೆಯ ಮಾತಿನ ಹಾಗೆ
ಬಿಡದೆ ಹಿಡಿದು ಕೂರುತ್ತದೆ.
ಮೇಲೆ ಬಿರುಕು ಬಿಟ್ಟು ಬಾಯಾರಿದೆ ಅನ್ನುತ್ತದೆ,
ಗೇಣು ಕೆಳಗೆ ಇನ್ನೂ ಹೋದ ತಿಂಗಳ ಮಳೆ.
ಹತ್ತಿಗೆ ಸರಿ, ಜೋಳಕ್ಕೆ ಸರಿ.
ಗೆಡ್ಡೆಗೆ ಉಸಿರು ಬೇಕು.
ನಾನು ಗುಂಡಿ ತೋಡಿ, ಹೂತು, ಕೊಡ ನೀರು ಹೊಯ್ದು
ಕೈ ತೊಳೆದುಕೊಂಡು ಬಂದಿದ್ದೆ.
ರವಿಕೆ ಹೊಲಿಯುವವಳು ನಾನು,
ಅಳತೆ ತಪ್ಪಿದರೆ ಬಿಚ್ಚಿ ಹೊಲಿದು ರೂಢಿ.

ಶ್ರಾವಣ ಮುಗಿಯುವ ಹೊತ್ತಿಗೆ ನೀನು ಕೇಳಿದೆ:
"ಹೂ ಬಂತೇನಕ್ಕಾ?"
ಬಂತು ಅಂದುಬಿಟ್ಟೆ.
ಒಂದು ಸುಳ್ಳಿಗೆ ಇನ್ನೊಂದು ಜೊತೆ ಬೇಕಲ್ಲ,
ಮಾರನೆ ದಿನ ಹೂವಿನ ಮಾರ್ಕೆಟ್ಟಿನಲ್ಲಿ
ಆರು ಕಡ್ಡಿ ಸುಗಂಧರಾಜ, ಅರವತ್ತು ರೂಪಾಯಿ,
ಅಂಗಡಿಯ ಹಳದಿ ದಾರ ಬಿಚ್ಚಿ ಬೀದಿಯಲ್ಲೇ ಬಿಸಾಕಿ
ನಿನ್ನ ಭಟ್ಟಿಯ ಬಾಗಿಲಿಗೆ ತಂದುಕೊಟ್ಟೆ.
ಮಂಡಕ್ಕಿ ಸಿಡಿಯುವ ಸದ್ದಿನಲ್ಲಿ ನೀನು ಏನೋ ಹೇಳಿದೆ,
ಕೇಳಿಸಲಿಲ್ಲ.

ಈ ವರ್ಷ ಮತ್ತೆ ಗೆಡ್ಡೆ. ಅರವತ್ತು. ಮಂಡಕ್ಕಿ ಚೀಲದಲ್ಲಿ.
"ನಿನ್ನ ಕೈಗುಣ ಚಲೋ ಐತಿ" ಅಂತ
ಮಗನ ಬಾಯಲ್ಲಿ ಹೇಳಿ ಕಳಿಸಿದ್ದೆ ನೀನು.

ಶಿವರಾತ್ರಿ ಕಳೆದ ಮೇಲೆ ಎರಡು ಗೇಣು ಅಗೆದೆ.
ಹೆಂಟೆ ಮಗುಚಿ ಇಪ್ಪತ್ತು ದಿನ ಹಾಗೇ ಬಿಟ್ಟೆ,
ದಾವಣಗೆರೆಯಲ್ಲಿ ಬಿಸಿಲಿಗೇನು ಬರ?
ಕಲ್ಲಾಯಿತು. ಗುದ್ದಲಿಯ ಹಿಂಬದಿಗೂ ಒಡೆಯಲಿಲ್ಲ.
ಸಂಜೆ ಇಷ್ಟೇ ಇಷ್ಟು ನೀರು ಚಿಮುಕಿಸಿದ್ದಕ್ಕೆ
ಬೆಳಿಗ್ಗೆ ಮುಟ್ಟಿದೊಡನೆ ಸಡಿಲಾಯಿತು.
ಗೊಬ್ಬರದಂಗಡಿಯ ಚನ್ನವೀರ ಡಿಎಪಿ ತೂಗಲು ಹೊರಟ,
ಬೇವಿನ ಹಿಂಡಿ ಎರಡು ಕಿಲೋ ಸಾಕು ಅಂದೆ.
ಜಗಳೂರ ಕಡೆಯ ಕುರಿಗೊಬ್ಬರ, ಹಸಿಯದು ಬೇರು ಸುಡುತ್ತದಂತೆ,
ಹೋದ ವರ್ಷದ್ದನ್ನೇ ಕೇಳಿ ತಂದೆ:
ಹಿಕ್ಕೆ ಹಿಸುಕಿದರೆ ವಾಸನೆಯೇ ಇಲ್ಲ, ಚಹಾಪುಡಿ.
ಎದುರುಮನೆ ಕಟ್ಟುವಲ್ಲಿಂದ ನಾಲ್ಕು ಬಾಂಡ್ಲಿ ಮರಳು,
ಕೇಳಿದ್ದು ಎರಡು.

ಆದರೂ ಮುಷ್ಟಿ ಹಿಡಿದರೆ ಉಂಡೆ.
ಬಿಟ್ಟರೂ ಉಂಡೆ,
ಮೇಲೆ ನನ್ನ ಬೆರಳುಗಳ ಗುರುತು.

ಆಗ ನೀನೇ ಬಂದೆ, ತಲೆಯ ಮೇಲೆ ಚೀಲ,
ಹುಬ್ಬಿನವರೆಗೆ ಬೂದಿ.
"ಹೊಟ್ಟಿನ ಬೂದಿ, ನಮ್ಮ ಒಲೇದು.
ಟೈರು ಸುಡೋ ಭಟ್ಟೀದಲ್ಲ.
ಎರಡು ಸಲ ನೀರು ಹೊಯ್ದು ಇಟ್ಟಿದ್ದೆ, ಖಾರ ಇಳಿದೈತಿ."
ಸುರಿದು, ಸಲಿಕೆ ಕಿತ್ತುಕೊಂಡು, ನೀನೇ ಕಲಸಿದೆ.
ಕರಿಯೊಳಗೆ ಕರಿ ಬೆರೆತದ್ದು ಕಾಣಲಿಲ್ಲ,
ಸಲಿಕೆಯ ಸದ್ದು ಮಾತ್ರ ಹಗುರಾಯಿತು.
ತಲೆ ಎತ್ತದೆ ಅಂದೆ ನೀನು:
"ನಾ ಕೊಟ್ಟಿದ್ದು ಸಿಂಗಲ್, ಅಕ್ಕಾ.
ನೀ ತಂದಿದ್ದು ಡಬಲ್."

ಅಷ್ಟು ದಿನ, ದಾವಲಬೀ,
ಪ್ರತಿ ಸಂತೆಗೂ ನನಗೆ ಮಂಡಕ್ಕಿ ಅಳೆದುಕೊಟ್ಟೆ,
ಸೇರಿನ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿ.

ನನಗೆ ಮಾತು ಬರಲಿಲ್ಲ. ಏರುಮಡಿ ಕಟ್ಟಿದೆವು,
ನಡುವೆ ನೀರು ಹೋಗಲು ದಾರಿ ಬಿಟ್ಟು.
ಗೇಣಿಗೊಂದು ಗೆಡ್ಡೆ, ಮೂತಿ ಮೇಲೆ.
ಒಂದೊಂದನ್ನೂ ಒತ್ತಿ ನೋಡಿ ಕೊಡುತ್ತಿದ್ದೆ ನೀನು,
ಮೆತ್ತಗಿದ್ದ ಮೂರನ್ನು ಗೋಡೆಯಾಚೆ ಎಸೆದೆ.

ಕೊನೆಗೆ ಒಂದು ಹಿಡಿ ಮಣ್ಣು ನನ್ನ ಅಂಗೈಗಿಟ್ಟು
ಹಿಸುಕು ಅಂದೆ. ಹಿಸುಕಿದೆ.
ಕೈ ಬಿಚ್ಚು ಅಂದೆ.
ಉಂಡೆ ಒಂದು ಗಳಿಗೆ ನಿಂತಿತು,
ನಡುವಿನಲ್ಲಿ ಬಿರಿದು
ಬೆರಳ ಸಂದಿಯಿಂದ ಉದುರಿತು.

"ನೀರು ನಾಳೆ ಹಾಕು" ಅಂತ
ಖಾಲಿ ಚೀಲ ಝಾಡಿಸಿಕೊಂಡು ಓಡಿದೆ,
ಒಲೆ ಹೊತ್ತಿಸುವ ಹೊತ್ತಾಗಿತ್ತು.